ಸಂಸ್ಥೆಯೊಂದರ ಚರಿತ್ರೆ ಬರೆಯಲು ಒಪ್ಪಿಕೊಂಡಾಗ: ಮೊದಲ ಮಾತುಕತೆಯಿಂದ ಅಚ್ಚಿನ ಮನೆಯವರೆಗೆ

ಶತಮಾನೋತ್ಸವಕ್ಕೆ ಇನ್ನು ಎಂಟು ತಿಂಗಳಿರುವಾಗ ಸಂಸ್ಥೆಯೊಂದರಿಂದ ಕರೆ ಬರುತ್ತದೆ. ‘ನಮ್ಮ ಚರಿತ್ರೆ ಬರೆದುಕೊಡಬೇಕು. ದಾಖಲೆಗಳೆಲ್ಲ ಇವೆ, ಹೆಚ್ಚು ಕೆಲಸವೇನಿಲ್ಲ’ ಎನ್ನುತ್ತಾರೆ. ಈ ಮಾತಿನಲ್ಲಿ ಮೂರು ತಪ್ಪು ಅಂದಾಜುಗಳಿವೆ: ಸಮಯದ್ದು, ದಾಖಲೆಗಳದ್ದು, ಕೆಲಸದ್ದು. ಕರೆ ಮಾಡಿದವರನ್ನು ದೂರುವಂತಿಲ್ಲ. ಐವತ್ತು ವರ್ಷಕ್ಕೋ ನೂರು ವರ್ಷಕ್ಕೋ ಒಮ್ಮೆ ಬರೆಸುವ ಪುಸ್ತಕದ ಅನುಭವ ಅವರಿಗೆ ಎಲ್ಲಿಂದ ಬರಬೇಕು? ಅದು ಇರಬೇಕಾದದ್ದು ಬರೆಯುವವರಿಗೆ.

ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ಕಾರ್ಖಾನೆ, ಸೇವಾಸಂಘ ಹೀಗೆ ಯಾವುದೇ ಸಂಸ್ಥೆ ತನ್ನ ಹಣದಲ್ಲಿ ಬರೆಸಿದ ಚರಿತ್ರೆಯನ್ನು ಓದುಗರು ಅನುಮಾನದಿಂದಲೇ ಕೈಗೆತ್ತಿಕೊಳ್ಳುತ್ತಾರೆ. ಹಣ ಕೊಟ್ಟವರನ್ನು ಹೊಗಳದೆ ಇರುವುದುಂಟೇ ಎಂಬ ಪ್ರಶ್ನೆ ಸಹಜ. ಸಂಭಾವನೆ ಪಡೆದು ಬರೆದ ಚರಿತ್ರೆಯೂ ಪ್ರಾಮಾಣಿಕವಾಗಿರಬಲ್ಲದು ಎಂದು ನಾನು ದೃಢವಾಗಿ ನಂಬಿದ್ದೇನೆ. ಆದರೆ ಆ ಪ್ರಾಮಾಣಿಕತೆ ಬಹುಮಟ್ಟಿಗೆ ನಿರ್ಧಾರವಾಗುವುದು ಒಪ್ಪಂದಕ್ಕೆ ಸಹಿ ಬೀಳುವ ದಿನ. ಆಮೇಲೆ ಎಷ್ಟು ಚೆನ್ನಾಗಿ ಬರೆದರೂ ಆ ದಿನ ಬಿಟ್ಟುಕೊಟ್ಟದ್ದನ್ನು ಮರಳಿ ಪಡೆಯಲಾಗದು. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗಾಗಿ ಇಡೀ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲ ಭೇಟಿ: ಅವರಿಗೆ ಬೇಕಿರುವುದು ಯಾವ ಪುಸ್ತಕ?

ಮೊದಲ ಭೇಟಿಯಲ್ಲಿ ಹೆಚ್ಚು ಮಾತನಾಡಬೇಡಿ, ಕೇಳಿ. ‘ಈ ಪುಸ್ತಕವನ್ನು ಯಾರು ಓದಬೇಕು ಎಂದುಕೊಂಡಿದ್ದೀರಿ?’ ಎಂಬುದು ಮೊದಲ ಪ್ರಶ್ನೆಯಾಗಲಿ. ‘ಎಲ್ಲರೂ’ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡದೆ, ಪುಸ್ತಕ ಬಿಡುಗಡೆಯಾಗಿ ಹತ್ತು ವರ್ಷದ ನಂತರ ಅದನ್ನು ಯಾರು ಕಪಾಟಿನಿಂದ ತೆಗೆಯಬೇಕು ಎಂದು ಕೇಳಿ. ಅಷ್ಟರಲ್ಲಿ ಅವರ ಮನಸ್ಸಿನಲ್ಲಿರುವುದು ಹೊರಗೆ ಬರುತ್ತದೆ.

ಸಾಮಾನ್ಯವಾಗಿ ಮೂರು ಬಗೆಯ ಪುಸ್ತಕಗಳು ಒಂದೇ ಹೆಸರಿನಲ್ಲಿ ಬೆರೆತಿರುತ್ತವೆ. ಸ್ಮರಣ ಸಂಚಿಕೆ ಸಂಭ್ರಮದ ಪುಸ್ತಕ. ಅದರಲ್ಲಿ ಶುಭಾಶಯಗಳು, ಚಿತ್ರಗಳು, ಹಳಬರ ನೆನಪುಗಳು ಇರುತ್ತವೆ. ಪರಿಚಯ ಪುಸ್ತಿಕೆ ಹೊರಗಿನವರಿಗೆ ಸಂಸ್ಥೆಯನ್ನು ತೋರಿಸಲು ಇರುವಂಥದ್ದು. ಚರಿತ್ರೆ ಬೇರೆಯೇ ಜಾತಿ. ಏನಾಯಿತು, ಏಕಾಯಿತು, ಬೇರೆ ದಾರಿ ಇತ್ತೇ ಎಂದು ಆಧಾರಗಳನ್ನು ಮುಂದಿಟ್ಟು ಹೇಳುವ ಬರಹ ಅದು. ಮೂರಕ್ಕೂ ಬೆಲೆಯಿದೆ. ಸ್ಮರಣ ಸಂಚಿಕೆ ಬೇಕಾದವರಿಗೆ ಅದನ್ನೇ ಚೆನ್ನಾಗಿ ಮಾಡಿಕೊಡುವುದರಲ್ಲಿ ಅಗೌರವವಿಲ್ಲ. ಸಂಚಿಕೆಯ ಮನಸ್ಸಿಟ್ಟುಕೊಂಡು ಚರಿತ್ರೆ ಎಂದು ಕರೆದಾಗ ಮಾತ್ರ ಕೊನೆಗೆ ಇಬ್ಬರಿಗೂ ಬೇಸರವಾಗುತ್ತದೆ.

ಇನ್ನು ಸಮಯ. ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸಿ. ಮುದ್ರಣಕ್ಕೂ ಹೊಲಿಗೆಗೂ ಒಂದೂವರೆ ತಿಂಗಳು. ಪುಟವಿನ್ಯಾಸ, ಕರಡಚ್ಚು ತಿದ್ದುವಿಕೆ ಮತ್ತು ಪದಸೂಚಿಗೆ ಎರಡು ತಿಂಗಳು. ಸಂಸ್ಥೆಯ ಪರಿಶೀಲನೆಗೆ ಎರಡು ತಿಂಗಳು. ಬರವಣಿಗೆಗೆ ಆರು ತಿಂಗಳು. ದಾಖಲೆ ಓದಿಗೂ ಸಂದರ್ಶನಗಳಿಗೂ ಕನಿಷ್ಠ ಎಂಟು ತಿಂಗಳು. ಒಟ್ಟು ಸುಮಾರು ಇಪ್ಪತ್ತು ತಿಂಗಳು. ಗಂಭೀರವಾದ ಕೆಲಸಕ್ಕೆ ಇದಕ್ಕಿಂತ ಬಹಳ ಹೆಚ್ಚು ಹಿಡಿಯಬಹುದು. ನಾಜಿ ಕಾಲದ ತನ್ನ ಇತಿಹಾಸವನ್ನು ಬರೆದುಕೊಡಲು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಇತಿಹಾಸಕಾರ ಹಾನ್ಸ್ ಮೊಮ್ಸೆನ್ ಅವರಿಗೆ ಕೆಲಸ ಒಪ್ಪಿಸಿದ್ದು 1986ರಲ್ಲಿ. ಪುಸ್ತಕ ಹೊರಬಂದದ್ದು 1996ರಲ್ಲಿ. ಎಂಟೇ ತಿಂಗಳು ಉಳಿದಿದ್ದರೆ ‘ಆಗುವುದಿಲ್ಲ’ ಎಂದು ಎದ್ದು ಬರಬೇಡಿ. ಉತ್ಸವದ ದಿನಕ್ಕೆ ಟಿಪ್ಪಣಿಸಹಿತ ಚಿತ್ರಸಂಪುಟ, ಎರಡು ವರ್ಷದ ನಂತರ ಪೂರ್ಣ ಚರಿತ್ರೆ ಎಂದು ಕೆಲಸವನ್ನು ಎರಡಾಗಿ ಒಡೆಯುವ ಸಲಹೆ ಕೊಡಿ. ಅದನ್ನು ಒಪ್ಪುವವರು ಬಹಳ ಮಂದಿ ಇರುತ್ತಾರೆ.

ಒಪ್ಪಂದ

ಈ ಹಂತದಲ್ಲಿ ಸಂಕೋಚಪಡುವವರೇ ಹೆಚ್ಚು. ಎದುರಿಗಿರುವವರು ಸಜ್ಜನರು, ಬಾಯಿಮಾತಿನಲ್ಲೇ ಎಲ್ಲವೂ ನಡೆಯುತ್ತದೆ ಎನಿಸುತ್ತದೆ. ಆದರೆ ಪುಸ್ತಕ ಮುಗಿಯುವ ಹೊತ್ತಿಗೆ ಆ ಸಜ್ಜನರು ನಿವೃತ್ತರಾಗಿ ಬೇರೊಬ್ಬರು ಆ ಕುರ್ಚಿಯಲ್ಲಿ ಕೂತಿರಬಹುದು. ಹೊಸಬರ ಕೈಯಲ್ಲಿ ಕಾಗದವೊಂದೇ ಇರುತ್ತದೆ. ಆ ಕಾಗದದಲ್ಲಿ ಕೆಳಗಿನ ವಿಷಯಗಳು ಸ್ಪಷ್ಟವಾಗಿರಲೇಬೇಕು.

ಯಾವ ವರ್ಷದಿಂದ ಯಾವ ವರ್ಷದವರೆಗೆ ಬರೆಯುತ್ತೀರಿ? ಇಂದಿನವರೆಗೂ ಬರೆಯಿರಿ ಎಂದು ಸಂಸ್ಥೆ ಬಯಸುತ್ತದೆ. ಆದರೆ ಈಗ ಅಧಿಕಾರದಲ್ಲಿರುವವರ ಬಗ್ಗೆ ಸಮತೂಕದಿಂದ ಬರೆಯುವುದು ಯಾರಿಗೂ ಸುಲಭವಲ್ಲ. ಹತ್ತು ಹದಿನೈದು ವರ್ಷ ಹಿಂದಕ್ಕೆ ಒಂದು ಗೆರೆ ಎಳೆದು, ಅಲ್ಲಿಂದ ಈಚಿನದನ್ನು ಚಿಕ್ಕ ಉಪಸಂಹಾರದಲ್ಲಿ ಕೊಡುವುದು ಉತ್ತಮ.

ಯಾವ ದಾಖಲೆಗಳನ್ನು ನೋಡಬಹುದು? ‘ಅಗತ್ಯವಾದ ದಾಖಲೆಗಳು’ ಎಂದು ಬರೆಯಲು ಬಿಡಬೇಡಿ. ಯಾವುದು ಅಗತ್ಯ ಎಂದು ಹೇಳುವವರು ಯಾರು ಎಂಬ ಜಗಳ ಅಲ್ಲಿಂದಲೇ ಶುರು. ಆಡಳಿತ ಮಂಡಳಿಯ ನಡಾವಳಿ, ಲೆಕ್ಕಪತ್ರ, ಪತ್ರವ್ಯವಹಾರ, ಸಿಬ್ಬಂದಿ ದಾಖಲೆ ಎಂದು ಹೆಸರಿಸಿ. ರೋಗಿಗಳ ಕಡತ, ವಿದ್ಯಾರ್ಥಿಗಳ ಅಂಕಪಟ್ಟಿಗಳಂಥ ಖಾಸಗಿ ದಾಖಲೆಗಳನ್ನು ಕಾನೂನು ಎಷ್ಟರಮಟ್ಟಿಗೆ ನೋಡಲು ಬಿಡುತ್ತದೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ.

ಕರಡನ್ನು ಯಾರು ನೋಡುತ್ತಾರೆ? ಅವರ ಅಧಿಕಾರ ಎಷ್ಟು? ಇಡೀ ಒಪ್ಪಂದದ ಹೃದಯ ಇದೇ. ನಾನು ಒತ್ತಾಯಿಸಿ ಹಾಕಿಸುವ ಷರತ್ತು ಹೀಗಿದೆ: ‘ಸಂಗತಿಯ ತಪ್ಪುಗಳನ್ನು ಆಧಾರಸಹಿತ ತೋರಿಸಿದರೆ ಲೇಖಕರು ತಿದ್ದುತ್ತಾರೆ, ವಿಶ್ಲೇಷಣೆ ಮತ್ತು ಅಭಿಪ್ರಾಯ ಲೇಖಕರದ್ದಾಗಿರುತ್ತದೆ.’ ಪರಿಶೀಲನೆಗೆ ಎರಡು ಸುತ್ತು, ಸುತ್ತಿಗೆ ಮೂರು ವಾರ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಅರ್ಥ. ಸಂಸ್ಥೆಯ ಪರವಾಗಿ ಮಾತನಾಡುವವರು ಒಬ್ಬರೇ ಆಗಿರಬೇಕು. ಸಲಹಾ ಸಮಿತಿ ಮಾಡಿದರೆ ಮೂರು ನಾಲ್ಕು ಜನ ಸಾಕು. ಅವರಲ್ಲಿ ಒಬ್ಬರಾದರೂ ಸಂಸ್ಥೆಯ ಹೊರಗಿನ ವಿದ್ವಾಂಸರಿರಲಿ. ಒಳಗಿನವರು ತಮ್ಮತಮ್ಮಲ್ಲೇ ಆಡಲಾಗದ ಮಾತನ್ನು ಹೊರಗಿನವರು ಸಲೀಸಾಗಿ ಆಡಬಲ್ಲರು.

ಹಣದ ಬಗ್ಗೆ: ಸಹಿಯ ದಿನ ಒಂದು ಪಾಲು ಮುಂಗಡ, ಸಂಶೋಧನೆ ಮುಗಿದು ಅಧ್ಯಾಯಗಳ ರೂಪರೇಷೆ ಒಪ್ಪಿಸಿದಾಗ ಒಂದು ಪಾಲು, ಮೊದಲ ಕರಡಿಗೆ ದೊಡ್ಡ ಪಾಲು, ಅಂತಿಮ ಪ್ರತಿಗೆ ಉಳಿದದ್ದು. ಯಾವ ಕಂತನ್ನೂ ‘ಪ್ರಕಟವಾದ ಮೇಲೆ’ ಎಂದು ಕಟ್ಟಬೇಡಿ. ಪ್ರಕಟಣೆ ನಿಮ್ಮ ಕೈಯಲ್ಲಿಲ್ಲ. ಯೋಜನೆ ನಡುವೆ ನಿಂತರೆ ಅಲ್ಲಿಯವರೆಗಿನ ಕೆಲಸಕ್ಕೆ ಎಷ್ಟು ಎಂಬುದೂ ಬರಹದಲ್ಲಿರಲಿ. ಪ್ರಯಾಣ, ನಕಲು, ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವ ಖರ್ಚು, ಚಿತ್ರಗಳ ಪರವಾನಗಿ ಇವು ಸಂಭಾವನೆಯಿಂದ ಪ್ರತ್ಯೇಕ.

ಹಕ್ಕುಸ್ವಾಮ್ಯ ಸಂಸ್ಥೆಯದೇ ಆಗಲಿ ಎಂದು ಒಪ್ಪಿಕೊಳ್ಳಬೇಕಾಗಬಹುದು. ಆಗಲೂ ಲೇಖಕರ ಹೆಸರಿನ ಹಕ್ಕು ಉಳಿಯಲಿ. ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಡಂಬಡಿಕೆಗೆ 1928ರಲ್ಲಿ ಸೇರಿದ ವಿಧಿಯೊಂದು, ಹಣಕಾಸಿನ ಹಕ್ಕು ಕೈಬಿಟ್ಟ ಮೇಲೂ ಲೇಖಕರಿಗೆ ಎರಡು ನೈತಿಕ ಹಕ್ಕುಗಳನ್ನು ಉಳಿಸುತ್ತದೆ: ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕು. ದೇಶದಿಂದ ದೇಶಕ್ಕೆ ಇದರ ಜಾರಿ ಬೇರೆಯಾದ್ದರಿಂದ ಒಪ್ಪಂದದಲ್ಲೇ ಒಂದು ಸಾಲು ಸೇರಿಸುವುದು ಕ್ಷೇಮ: ಅಂತಿಮ ಪಠ್ಯ ಒಪ್ಪಿಗೆಯಾಗದಂತೆ ಬದಲಾದರೆ ಲೇಖಕರು ತಮ್ಮ ಹೆಸರನ್ನು ಹಿಂತೆಗೆದುಕೊಳ್ಳಬಹುದು. ಇದನ್ನು ಬಳಸುವ ಸಂದರ್ಭ ಬಹಳ ಅಪರೂಪ. ಇದೆ ಎಂಬುದೇ ಎಲ್ಲರನ್ನೂ ಎಚ್ಚರದಲ್ಲಿಡುತ್ತದೆ.

ಇಷ್ಟೆಲ್ಲ ಷರತ್ತು ಏಕೆ ಎಂದು ಆಡಳಿತ ಮಂಡಳಿ ಕೇಳಿದರೆ ಬರ್ಟೆಲ್ಸ್‌ಮನ್ ಕಥೆ ಹೇಳಿ. 1835ರಲ್ಲಿ ಹುಟ್ಟಿದ ಈ ಜರ್ಮನ್ ಪ್ರಕಾಶನ ಸಂಸ್ಥೆ, ನಾಜಿಗಳನ್ನು ವಿರೋಧಿಸಿದ್ದಕ್ಕೆ ತನ್ನನ್ನು ಮುಚ್ಚಿಸಲಾಯಿತು ಎಂದು ಹೇಳಿಕೊಂಡು ಬಂದಿತ್ತು. 1998ರಲ್ಲಿ ಅಮೆರಿಕದ ರ‍್ಯಾಂಡಮ್ ಹೌಸ್ ಪ್ರಕಾಶನವನ್ನು ಕೊಂಡಾಗ ಜಗತ್ತಿನ ಕಣ್ಣು ಅದರ ಮೇಲೆ ಬಿತ್ತು. ಪತ್ರಕರ್ತರೊಬ್ಬರು ಆ ಕಥೆಯನ್ನು ಪ್ರಶ್ನಿಸಿದರು. ಸಂಸ್ಥೆ ಇತಿಹಾಸಕಾರ ಸಾಲ್ ಫ್ರೀಡ್‌ಲ್ಯಾಂಡರ್ ಅವರ ನೇತೃತ್ವದಲ್ಲಿ ಸ್ವತಂತ್ರ ಆಯೋಗವನ್ನು ನೇಮಿಸಬೇಕಾಯಿತು. 2002ರಲ್ಲಿ ಬಂದ ವರದಿ, ಪ್ರತಿರೋಧದ ಕಥೆಗೆ ಆಧಾರವಿಲ್ಲವೆಂದೂ ಯುದ್ಧಕಾಲದಲ್ಲಿ ಜರ್ಮನ್ ಸೇನೆಗೆ ಅಪಾರ ಸಂಖ್ಯೆಯಲ್ಲಿ ಪುಸ್ತಕ ಒದಗಿಸಿ ಸಂಸ್ಥೆ ಲಾಭ ಮಾಡಿತ್ತೆಂದೂ ತೋರಿಸಿತು. ಸಂಸ್ಥೆ ವಿಷಾದ ವ್ಯಕ್ತಪಡಿಸಿತು. ಮೊದಲೇ ಯಾರಾದರೂ ಕಡತ ತೆರೆದು ಓದಿದ್ದರೆ ದಶಕಗಳ ಆ ಕಥೆ ಬೆಳೆಯುತ್ತಲೇ ಇರಲಿಲ್ಲ.

ದಾಖಲೆಗಳ ಕೋಣೆಯಲ್ಲಿ

‘ದಾಖಲೆಗಳೆಲ್ಲ ಇವೆ’ ಎಂದಿದ್ದರಲ್ಲ, ಈಗ ಹೋಗಿ ನೋಡಿ. ಮೆಟ್ಟಿಲ ಕೆಳಗಿನ ಬೀಗ ಹಾಕಿದ ಕೋಣೆ, ಸೋರುವ ಅಟ್ಟ, ನಿವೃತ್ತರಾದ ಗುಮಾಸ್ತರ ಮನೆಯ ಪೆಟ್ಟಿಗೆ ಇಂಥಲ್ಲಿ ಅವು ಸಿಗುತ್ತವೆ. ಜರ್ಮನಿಯ ಕ್ರುಪ್ ಕಂಪನಿ 1905ರಷ್ಟು ಹಿಂದೆಯೇ ತನ್ನದೇ ಐತಿಹಾಸಿಕ ದಾಖಲೆಗಾರವನ್ನು, ಅಂದರೆ ಹಳೆಯ ಕಾಗದಪತ್ರ ಕಾಪಾಡುವ ಭಂಡಾರವನ್ನು, ಸ್ಥಾಪಿಸಿತ್ತು. ಅಂಥ ಅದೃಷ್ಟ ನಮಗೆ ಸಿಗುವುದು ಅಪರೂಪ.

ಓದಲು ಕೂಡುವ ಮೊದಲು ಪಟ್ಟಿ ಮಾಡಿ. ಪೆಟ್ಟಿಗೆಗೊಂದು ಸಂಖ್ಯೆ, ಕಡತಕ್ಕೊಂದು ಸಂಖ್ಯೆ, ಕಾಲಾವಧಿ, ಸ್ಥಿತಿ. ಕಾಗದಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಉಳಿಯಲಿ. ಒಂದು ಕಚೇರಿಯಲ್ಲಿ ಹುಟ್ಟಿದ ದಾಖಲೆಗಳನ್ನು ಒಟ್ಟಿಗೇ ಇಡಬೇಕೆಂಬ ನಿಯಮವನ್ನು ಫ್ರಾನ್ಸ್ ಸರ್ಕಾರ 1841ರಲ್ಲೇ ಮಾಡಿತು. ಇಂದಿಗೂ ದಾಖಲೆಗಾರಗಳ ಬುನಾದಿ ಅದೇ. ವಿಷಯವಾರು ಜೋಡಿಸುತ್ತೇನೆಂದು ಹೊರಟರೆ, ಯಾವ ಪತ್ರದ ಹಿಂದೆ ಯಾವ ಪತ್ರ ಇತ್ತು ಎಂಬ ಸಾಕ್ಷ್ಯ ಅಳಿಸಿಹೋಗುತ್ತದೆ. ತುಕ್ಕು ಹಿಡಿದ ಗುಂಡುಸೂಜಿ, ಪಿನ್ನುಗಳನ್ನು ನಿಧಾನವಾಗಿ ತೆಗೆಯಿರಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಲೇಬೇಡಿ. ಚಿತ್ರಗಳನ್ನು ಅಂಚಿನಲ್ಲಿ ಹಿಡಿಯಿರಿ, ಹಿಂಬದಿಯಲ್ಲಿ ಬರೆಯಲೇಬೇಕಿದ್ದರೆ ಮೃದುವಾದ ಪೆನ್ಸಿಲ್ ಬಳಸಿ. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಪ್ರತಿ ಕಡತದ ಮೊದಲ ಚಿತ್ರ ಅದರ ಸಂಖ್ಯೆ ಬರೆದ ಚೀಟಿಯದ್ದಾಗಿರಲಿ. ಈ ಸಣ್ಣ ಶಿಸ್ತು ತಪ್ಪಿದರೆ ಆರು ತಿಂಗಳ ನಂತರ ಮೂರು ಸಾವಿರ ಚಿತ್ರಗಳ ನಡುವೆ ಒಂದು ಪುಟ ಎಲ್ಲಿಯದೆಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಓದು ನಡಾವಳಿ ಪುಸ್ತಕದಿಂದ ಶುರುವಾಗಲಿ. ಆದರೆ ನಡಾವಳಿ ತೀರ್ಮಾನವನ್ನು ಬರೆದಿಡುತ್ತದೆ, ಅದಕ್ಕೆ ಮುಂಚಿನ ಜಗಳವನ್ನು ಬರೆದಿಡುವುದಿಲ್ಲ. ಯಾವ ವಿಷಯ ಮೂರು ಸಭೆಗಳಲ್ಲಿ ಮುಂದೂಡಲ್ಪಟ್ಟಿತು, ಯಾರು ಇದ್ದಕ್ಕಿದ್ದಂತೆ ಸಭೆಗೆ ಬರುವುದನ್ನು ನಿಲ್ಲಿಸಿದರು, ಯಾವ ಪುಟದಲ್ಲಿ ಕೈಬರಹ ಬದಲಾಯಿತು ಎಂದು ಗಮನಿಸಿ. ಅದರ ಪಕ್ಕದಲ್ಲೇ ಲೆಕ್ಕದ ಪುಸ್ತಕ ತೆರೆದಿಟ್ಟುಕೊಳ್ಳಿ. ‘ಹೊಸ ಕಟ್ಟಡಕ್ಕೆ ಸರ್ವಾನುಮತದ ಒಪ್ಪಿಗೆ’ ಎಂದು ನಡಾವಳಿ ಹೇಳುವ ವರ್ಷವೇ ಜಮಾಖರ್ಚಿನಲ್ಲಿ ಸಿಬ್ಬಂದಿಯ ಸಂಬಳ ಎರಡು ತಿಂಗಳು ಬಾಕಿ ಬಿದ್ದದ್ದು ಕಾಣಿಸಬಹುದು. ಈ ಎರಡು ಪುಸ್ತಕಗಳ ನಡುವಿನ ಸಂದಿನಲ್ಲೇ ಚರಿತ್ರೆಯ ಬಹುಪಾಲು ಇರುತ್ತದೆ.

ಸಂಸ್ಥೆಯ ದಾಖಲೆ ಸಂಸ್ಥೆಯ ಮಾತನ್ನೇ ಆಡುತ್ತದೆ. ಆದ್ದರಿಂದ ಹೊರಗೂ ಹೋಗಿ: ಆ ಕಾಲದ ಪತ್ರಿಕೆಗಳು, ನ್ಯಾಯಾಲಯದ ತೀರ್ಪುಗಳು, ಸರ್ಕಾರದ ಕಡತಗಳು, ಕಾರ್ಮಿಕ ಸಂಘದ ಕರಪತ್ರಗಳು, ಪೈಪೋಟಿಗಿಳಿದಿದ್ದ ಸಂಸ್ಥೆಗಳ ವರದಿಗಳು.

ಓದುತ್ತಾ ಹೋದಂತೆ ಒಂದು ಕಾಲಪಟ್ಟಿ ಬೆಳೆಯಲಿ. ದಿನಾಂಕ, ಘಟನೆ, ಆಧಾರ, ಪುಟಸಂಖ್ಯೆ, ಎಷ್ಟು ಖಚಿತ ಎಂಬ ಐದು ಕಲಮುಗಳು ಸಾಕು. ಅದರ ಮೊದಲ ಸಾಲೇ ತೊಡಕಿನದು. ಸಂಸ್ಥಾಪನೆಯ ದಿನ ಯಾವುದು? ಸ್ಥಾಪಕರು ಮೊದಲು ಸೇರಿದ ದಿನವೇ, ನೋಂದಣಿಯಾದ ದಿನವೇ, ಬಾಗಿಲು ತೆರೆದ ದಿನವೇ? ಮೂರೂ ಬೇರೆ ಬೇರೆ ವರ್ಷಗಳಲ್ಲಿ ಬೀಳುವುದುಂಟು. ಉತ್ಸವಕ್ಕೆ ಒಂದನ್ನು ಆರಿಸಿಕೊಂಡಿರುತ್ತಾರೆ. ಅದನ್ನು ತಪ್ಪೆಂದು ಸಾರುವ ಅಗತ್ಯವಿಲ್ಲ. ಮೂರನ್ನೂ ಹೇಳಿ, ಈ ದಿನವೇ ಹೇಗೆ ನೆಲೆಗೊಂಡಿತು ಎಂದು ವಿವರಿಸಿ. ಅದೇ ಒಂದು ಒಳ್ಳೆಯ ಕಥೆ.

ನೆನಪುಗಳನ್ನು ಕೇಳುವುದು

ಬದುಕಿರುವವರ ನೆನಪನ್ನು ಕ್ರಮಬದ್ಧವಾಗಿ ಧ್ವನಿಮುದ್ರಿಸಿಡುವ ಕೆಲಸಕ್ಕೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ 1948ರಲ್ಲಿ ಅಡಿಪಾಯ ಹಾಕಿದರು. ಅಲ್ಲಿಂದೀಚೆಗೆ ಮೌಖಿಕ ಇತಿಹಾಸ ಒಂದು ಶಾಸ್ತ್ರವೇ ಆಗಿದೆ. ನಮ್ಮ ಕೆಲಸದಲ್ಲಿ ಅದರ ಮೊದಲ ನಿಯಮ: ಎಲ್ಲರಿಗಿಂತ ಹಿರಿಯರನ್ನು ಎಲ್ಲರಿಗಿಂತ ಮೊದಲು ಭೇಟಿಯಾಗಿ. ದಾಖಲೆ ಓದಿ ಮುಗಿಸಿ ಆಮೇಲೆ ಹೋಗೋಣ ಎಂದು ಕಾದು, ಹೋಗುವಷ್ಟರಲ್ಲಿ ಬಾಗಿಲ ಮುಂದೆ ಶೋಕದ ಗುಂಪು ಕಂಡ ನೋವು ನನಗಿದೆ. ಆ ವ್ಯಕ್ತಿಗೆ ಮಾತ್ರ ಗೊತ್ತಿದ್ದ ಮೂವತ್ತು ವರ್ಷಗಳು ಆ ಪುಸ್ತಕದಲ್ಲಿ ಇಂದಿಗೂ ಖಾಲಿಯಾಗಿವೆ.

ಸಂಸ್ಥೆ ಕೊಡುವ ಹೆಸರುಗಳ ಪಟ್ಟಿಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳು, ನಿರ್ದೇಶಕರು ಇರುತ್ತಾರೆ. ನೀವೇ ಇನ್ನೊಂದು ಪಟ್ಟಿ ಮಾಡಿ: ಬೆರಳಚ್ಚುಗಾರರು, ವಾಹನ ಚಾಲಕರು, ರಾತ್ರಿ ಕಾವಲಿನವರು, ಲೆಕ್ಕ ವಿಭಾಗದ ಗುಮಾಸ್ತರು, ಕೆಲಸಕ್ಕೆ ಸೇರಿದ ಮೊದಲ ಮಹಿಳೆಯರು, ಮನಸ್ತಾಪವಾಗಿ ಬಿಟ್ಟುಹೋದವರು, ತೆಗೆದುಹಾಕಲ್ಪಟ್ಟವರು. ಮೇಲಿನವರಿಗೆ ಧೋರಣೆಗಳು ನೆನಪಿರುತ್ತವೆ, ಕೆಳಗಿನವರಿಗೆ ದಿನಗಳು ನೆನಪಿರುತ್ತವೆ. ಎರಡೂ ಬೇಕು.

ಹೋಗುವಾಗ ಒಂದು ಹಳೆಯ ಗುಂಪುಚಿತ್ರ ತೆಗೆದುಕೊಂಡು ಹೋಗಿ. ‘ಸಂಸ್ಥೆಯ ಬೆಳವಣಿಗೆಯ ಬಗ್ಗೆ ಹೇಳಿ’ ಎಂದು ಕೇಳಿದರೆ ಭಾಷಣ ಬರುತ್ತದೆ. ‘ಕೆಲಸಕ್ಕೆ ಸೇರಿದ ದಿನ ಯಾವ ಬಾಗಿಲಿನಿಂದ ಒಳಗೆ ಹೋದಿರಿ? ಮೊದಲು ಯಾರನ್ನು ನೋಡಿದಿರಿ?’ ಎಂದು ಕೇಳಿದರೆ ನೆನಪು ಬರುತ್ತದೆ. ಅವರು ಮಾತು ನಿಲ್ಲಿಸಿದಾಗ ಮುಂದಿನ ಪ್ರಶ್ನೆಗೆ ಅವಸರಪಡಬೇಡಿ. ಆ ಮೌನದ ಆಚೆ ಇರುವುದೇ ಹಲವು ಸಲ ನಿಮಗೆ ಬೇಕಾದ ಮಾತು. ಒಂದೂವರೆ ಗಂಟೆಯ ಮೇಲೆ ಹಿರಿಯರನ್ನು ದಣಿಸಬೇಡಿ, ಇನ್ನೊಮ್ಮೆ ಬನ್ನಿ. ಎರಡನೆಯ ಭೇಟಿ ಮೊದಲನೆಯದಕ್ಕಿಂತ ಯಾವಾಗಲೂ ಚೆನ್ನಾಗಿರುತ್ತದೆ.

ಒಪ್ಪಿಗೆಪತ್ರ ಲಿಖಿತವಾಗಿರಲಿ. ಹೆಸರು ಬಳಸಬಹುದೇ, ಯಾವ ಭಾಗ ಬಳಸಬಾರದು, ಧ್ವನಿಮುದ್ರಣ ಎಲ್ಲಿ ಉಳಿಯಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಹಾಲಿ ನೌಕರರೊಬ್ಬರು ನಂಬಿ ಹೇಳಿದ್ದು ಅವರ ಮೇಲಧಿಕಾರಿಯ ಮೇಜಿಗೆ ತಲುಪಬಾರದು. ಈ ಭರವಸೆಯನ್ನು ಸಂಸ್ಥೆಯೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲೇ ಸೇರಿಸಿರಬೇಕು. ಧ್ವನಿಮುದ್ರಣದ ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಯಂತ್ರದಿಂದ ಇಳಿಸಿದರೆ ಬೇಗ ಆಗುತ್ತದೆ, ಆದರೆ ವ್ಯಕ್ತಿನಾಮ, ಸ್ಥಳನಾಮಗಳನ್ನು ಅದು ಧೈರ್ಯವಾಗಿ ತಪ್ಪು ಬರೆಯುತ್ತದೆ. ಕಿವಿಗೊಟ್ಟು ಹೋಲಿಸದೆ ಒಂದು ಸಾಲನ್ನೂ ಬಳಸಬೇಡಿ.

ನೆನಪು ದಿನಾಂಕಗಳಲ್ಲಿ ಎಡವುತ್ತದೆ. ಎರಡು ಮುಷ್ಕರಗಳನ್ನು ಒಂದಾಗಿಸುತ್ತದೆ, ಬೇರೆಯವರಿಂದ ಕೇಳಿದ್ದನ್ನು ಕಣ್ಣಾರೆ ಕಂಡದ್ದಾಗಿಸುತ್ತದೆ. ಅದಕ್ಕಾಗಿ ನೆನಪನ್ನು ತಳ್ಳಿಹಾಕಬೇಕಿಲ್ಲ. ಯಾವಾಗ ಎಂಬುದಕ್ಕೆ ದಾಖಲೆ, ಹೇಗಿತ್ತು ಎಂಬುದಕ್ಕೆ ನೆನಪು.

ಎಳೆ ಹಿಡಿಯುವುದು

ಅಧ್ಯಕ್ಷರ ಅವಧಿಗೊಂದರಂತೆ ಅಧ್ಯಾಯ ಮಾಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ನೀರಸ. ಹಾಗೆ ಮಾಡಿದರೆ ಪ್ರತಿ ಅಧ್ಯಾಯವೂ ಆಗಮನದಿಂದ ಶುರುವಾಗಿ ಬೀಳ್ಕೊಡುಗೆಯಲ್ಲಿ ಮುಗಿಯುತ್ತದೆ. ಬದಲಿಗೆ ಕಾಲಪಟ್ಟಿಯನ್ನು ಮುಂದಿಟ್ಟುಕೊಂಡು, ಸಂಸ್ಥೆ ಯಾವಾಗ ಯಾವಾಗ ಬೇರೆಯಾಯಿತು ಎಂದು ಕೇಳಿ. ಹಣ ಬರುವ ದಾರಿ ಬದಲಾದಾಗ, ಸೇವೆ ಪಡೆಯುವವರು ಬದಲಾದಾಗ, ಮುಚ್ಚುವ ಸ್ಥಿತಿ ಬಂದಾಗ, ಹೊಸ ಯಂತ್ರವೋ ಹೊಸ ಕಾನೂನೋ ಒಳಗೆ ಕಾಲಿಟ್ಟಾಗ. ಆರೇಳು ತಿರುವುಗಳು ಸಿಕ್ಕರೆ ಅವೇ ಅಧ್ಯಾಯಗಳು. ಇಡೀ ಪುಸ್ತಕಕ್ಕೆ ಒಂದು ಪ್ರಶ್ನೆ ಇರಲಿ: ಈ ಸಂಸ್ಥೆ ಏನಾಗಬೇಕೆಂದು ಹೊರಟಿತ್ತು, ಏನಾಯಿತು? ಪದಾಧಿಕಾರಿಗಳ ಪಟ್ಟಿ, ದಾನಿಗಳ ಹೆಸರು, ಪ್ರಶಸ್ತಿಗಳು, ಕಟ್ಟಡಗಳ ವಿವರ ಎಲ್ಲವೂ ಅನುಬಂಧಕ್ಕೆ ಹೋಗಲಿ. ಅಲ್ಲಿ ಒಂದು ಹೆಸರೂ ಬಿಟ್ಟುಹೋಗದಂತೆ ಶ್ರಮವಹಿಸಿ. ಅನುಬಂಧ ಪೂರ್ಣವಾಗಿದ್ದಷ್ಟೂ ಒಳಗಿನ ಬರವಣಿಗೆಗೆ ಬಿಡುಗಡೆ.

ನೋವಿನ ಅಧ್ಯಾಯಗಳು

ಹಳೆಯ ಸಂಸ್ಥೆಗಳಲ್ಲಿ ಯಾರೂ ಜೋರಾಗಿ ಹೇಳದ ಒಂದು ವರ್ಷ ಇದ್ದೇ ಇರುತ್ತದೆ. ಹಣದ ದುರುಪಯೋಗ, ಅಪಘಾತ, ಕಹಿಯಾದ ಮುಷ್ಕರ, ಒಂದು ಸಮುದಾಯದವರನ್ನು ದೂರವಿಟ್ಟ ನಿಯಮ. ಅದನ್ನು ಬಿಟ್ಟರೆ, ಗೊತ್ತಿರುವ ಓದುಗರು ಪುಸ್ತಕದಲ್ಲಿ ಮೊದಲು ಹುಡುಕುವುದು ಆ ವರ್ಷವನ್ನೇ. ಅದಿಲ್ಲವೆಂದು ಕಂಡ ಕ್ಷಣ ಉಳಿದ ಮುನ್ನೂರು ಪುಟಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಆಡಳಿತ ಮಂಡಳಿಗೆ ಇದನ್ನು ಬಿಡಿಸಿ ಹೇಳಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಉದಾಹರಣೆ ಕೊಡಿ. ಅದರ ಅಧ್ಯಕ್ಷೆ ರೂತ್ ಸಿಮನ್ಸ್ 2003ರಲ್ಲಿ ಸಮಿತಿಯೊಂದನ್ನು ನೇಮಿಸಿ, ಗುಲಾಮರ ವ್ಯಾಪಾರದೊಂದಿಗೆ ವಿಶ್ವವಿದ್ಯಾಲಯಕ್ಕಿದ್ದ ನಂಟನ್ನು ಪರಿಶೀಲಿಸಲು ಹೇಳಿದರು. 2006ರಲ್ಲಿ ವರದಿಯನ್ನು ವಿಶ್ವವಿದ್ಯಾಲಯ ತಾನೇ ಪ್ರಕಟಿಸಿತು. ಬೇರೆ ವಿಶ್ವವಿದ್ಯಾಲಯಗಳು ಮುಂದೆ ಅದೇ ದಾರಿ ಹಿಡಿದವು.

ಬರೆಯುವ ವಿಧಾನ ಹೀಗಿರಲಿ. ವಿಶೇಷಣಗಳನ್ನು ದೂರವಿಡಿ, ದಿನಾಂಕ, ಮೊತ್ತ, ದಾಖಲೆಯ ಮಾತು ಇವಿಷ್ಟೇ ಮಾತನಾಡಲಿ. ತೊಂದರೆಗೊಳಗಾದವರ ದನಿಗೆ ಜಾಗ ಕೊಡಿ. ತಪ್ಪು ನಡೆಯಲು ಆಗಿನ ವ್ಯವಸ್ಥೆಯಲ್ಲಿ ಏನು ಎಡೆ ಇತ್ತು, ಆಮೇಲೆ ಏನು ಬದಲಾಯಿತು ಎಂಬುದನ್ನು ಬಿಡಬೇಡಿ. ಬದುಕಿರುವವರ ಮೇಲೆ ಆರೋಪ ಬರುವಂತಿದ್ದರೆ ಅವರ ಉತ್ತರವನ್ನು ಕೇಳಿ ಸೇರಿಸಿ. ಆ ಪುಟಗಳನ್ನು ವಕೀಲರೊಬ್ಬರು ಅಚ್ಚಿಗೆ ಮುಂಚೆ ಓದಲಿ, ಖರ್ಚು ಸಂಸ್ಥೆಯದು.

ವಾಕ್ಯಗಳ ಬಗ್ಗೆ ಎರಡು ಮಾತು

ನಡಾವಳಿ ಓದಿ ಓದಿ ಅದರ ಭಾಷೆ ನಮ್ಮ ಕೈಗೂ ಅಂಟಿಕೊಳ್ಳುತ್ತದೆ. ‘ತೀರ್ಮಾನಿಸಲಾಯಿತು’, ‘ವಜಾಗೊಳಿಸಲಾಯಿತು’, ‘ಕ್ರಮ ಕೈಗೊಳ್ಳಲಾಯಿತು’ ಎಂಬ ಕ್ರಿಯಾಪದಗಳಲ್ಲಿ ಮಾಡಿದವರು ಯಾರು ಎಂಬುದು ಮಾಯವಾಗುತ್ತದೆ. ಕಚೇರಿಗೆ ಅದು ಅನುಕೂಲ, ಚರಿತ್ರೆಗೆ ಅದು ವಿಷ. ಕರಡು ಮುಗಿದ ಮೇಲೆ ಪ್ರತಿಯೊಂದು ‘ಲಾಯಿತು’ವನ್ನೂ ಹುಡುಕಿ, ಯಾರು ಎಂದು ಕೇಳಿ. ಉತ್ತರ ಗೊತ್ತಿದ್ದರೆ ಹೆಸರು ಹಾಕಿ. ಗೊತ್ತಿಲ್ಲದಿದ್ದರೆ ದಾಖಲೆಗೆ ಮರಳಿ ಹೋಗಿ.

ಇನ್ನೊಂದು, ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದದ್ದು. ಅಧ್ಯಕ್ಷರು ‘ಬಂದರು’, ಜವಾನ ‘ಬಂದ’ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಓದುಗರಿಗೆ ಆ ಒಂದು ಅಕ್ಷರದಲ್ಲೇ ಪುಸ್ತಕ ಯಾರ ಪರ ಎಂದು ತಿಳಿದುಹೋಗುತ್ತದೆ. ಸಂಸ್ಥೆಯಲ್ಲಿ ದುಡಿದ ಎಲ್ಲರಿಗೂ ಬಹುವಚನವೇ ಇರಲಿ. ‘ಅಪ್ರತಿಮ’, ‘ದಣಿವರಿಯದ’, ‘ದೂರದೃಷ್ಟಿಯ’ ಎಂಬ ಪದಗಳು ಕಂಡಲ್ಲಿ ಹೊಡೆದು ಹಾಕಿ, ಆ ಜಾಗದಲ್ಲಿ ಒಂದು ಸಂಗತಿ ಇಡಿ. ‘ದಣಿವರಿಯದೆ ದುಡಿದ ಗ್ರಂಥಪಾಲಕರು’ ಎನ್ನುವುದಕ್ಕಿಂತ ‘ನೆರೆ ಬಂದ ರಾತ್ರಿ ಗ್ರಂಥಪಾಲಕರು ಕೆಳಗಿನ ಎರಡು ಸಾಲಿನ ಪುಸ್ತಕಗಳನ್ನು ಒಬ್ಬರೇ ಮೇಲಕ್ಕೆ ಹೊತ್ತರು’ ಎಂದರೆ ಹೊಗಳಿಕೆ ಬೇಕಾಗುವುದೇ ಇಲ್ಲ.

ಕರಡು ಅವರ ಕೈಗೆ ಹೋದಾಗ

ಅಧ್ಯಾಯ ಅಧ್ಯಾಯವಾಗಿ ಕಳಿಸಬೇಡಿ, ಪೂರ್ತಿ ಕರಡನ್ನೇ ಕಳಿಸಿ. ಬಿಡಿ ಅಧ್ಯಾಯ ಓದಿದವರಿಗೆ ಮುಂದೆ ಬರುವ ಸಮತೂಕ ಕಾಣಿಸುವುದಿಲ್ಲ. ಜೊತೆಗೆ ಒಂದು ನಮೂನೆ ಕೊಡಿ: ಪುಟ, ಸಾಲು, ಆಕ್ಷೇಪ, ಆಧಾರ. ‘ಆಧಾರ’ ಎಂಬ ಆ ಕೊನೆಯ ಕಲಮು ಅರ್ಧದಷ್ಟು ಆಕ್ಷೇಪಗಳನ್ನು ತಾನೇ ಕರಗಿಸುತ್ತದೆ.

ಬಂದ ಟಿಪ್ಪಣಿಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಸಂಗತಿಯ ತಪ್ಪುಗಳನ್ನು ಧನ್ಯವಾದ ಹೇಳಿ ಅಂದೇ ತಿದ್ದಿ. ಅವರಿಗೆ ಗೊತ್ತಿರುವಷ್ಟು ಒಳವಿವರ ನಮಗೆ ಗೊತ್ತಿರುವುದಿಲ್ಲ. ಒಬ್ಬರ ಕುಟುಂಬಕ್ಕೆ ನೋವಾಗುವ ವಿವರಗಳ ಬಗ್ಗೆ ಎದುರುಬದುರು ಕೂತು ಮಾತನಾಡಿ. ಆ ವಿವರವಿಲ್ಲದೆಯೂ ಸತ್ಯ ನಿಲ್ಲುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ, ನಿಲ್ಲುವುದಾದರೆ ಬಿಡಿ. ಮೂರನೆಯದು ಬರಿಯ ಇಷ್ಟಾನಿಷ್ಟ: ‘ಆ ಸೋಲಿನ ವರ್ಷ ಬೇಡ’, ‘ಈಗಿನವರ ಬಗ್ಗೆ ಇನ್ನಷ್ಟು ಬರಲಿ’. ಇಲ್ಲಿ ವಿನಯದಿಂದ, ಆದರೆ ಅಲುಗದೆ ನಿಲ್ಲಿ. ಹಾಲಿ ಅಧ್ಯಕ್ಷರ ಮಾತಿಗೆ ಪುಸ್ತಕದ ಆರಂಭದಲ್ಲಿ ಅವರದೇ ಸಹಿಯ ಸಂದೇಶ ಇದೆ ಎಂದು ತೋರಿಸಿ. ಆ ಎರಡು ಪುಟ ಬಹಳಷ್ಟು ಜಗಳಗಳನ್ನು ತಪ್ಪಿಸುತ್ತವೆ.

ಅಚ್ಚು, ಮತ್ತು ಆಮೇಲೆ

ಮುದ್ರಣದ ವಿವರಗಳನ್ನು ಒಳ್ಳೆಯ ಮುದ್ರಕರು ನೋಡಿಕೊಳ್ಳುತ್ತಾರೆ. ನಾಲ್ಕು ವಿಷಯ ಮಾತ್ರ ನಿಮ್ಮ ಹೊಣೆ. ಪುಟಗಳು ಸಾಮಾನ್ಯವಾಗಿ 16ರ ಫಾರಂಗಳಲ್ಲಿ, ಅಂದರೆ ಒಂದು ದೊಡ್ಡ ಹಾಳೆಗೆ 16 ಪುಟಗಳಂತೆ, ಅಚ್ಚಾಗುವುದರಿಂದ ಒಟ್ಟು ಪುಟಸಂಖ್ಯೆಯನ್ನು ಆ ಲೆಕ್ಕಕ್ಕೆ ಮೊದಲೇ ಹೊಂದಿಸಿ. ಚಿತ್ರಗಳು ಮುದ್ರಣದ ಅಳತೆಯಲ್ಲಿ ಇಂಚಿಗೆ 300 ಚುಕ್ಕಿಗಳಷ್ಟಾದರೂ ಇರಲಿ, ಛಾಯಾಗ್ರಾಹಕರ ಅನುಮತಿ ಲಿಖಿತವಾಗಿರಲಿ. ಸಂಸ್ಥೆಯ ಆಲ್ಬಮಿನಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ಸಂಸ್ಥೆಯದಲ್ಲ. ಗುಂಪುಚಿತ್ರದ ಅಡಿಬರಹದಲ್ಲಿ ಹೆಸರುಗಳನ್ನು ಎಡದಿಂದ ಬಲಕ್ಕೆ ಇಬ್ಬರು ಬೇರೆ ಬೇರೆಯಾಗಿ ಗುರುತಿಸಿ ತಾಳೆ ನೋಡಲಿ. ಪದಸೂಚಿಗೆ ಸಮಯ ಉಳಿಸಿ. ಸಂಸ್ಥೆಯ ಚರಿತ್ರೆಯನ್ನು ಹೆಚ್ಚಿನವರು ತೆರೆಯುವುದೇ ಹಿಂಬದಿಯಿಂದ, ತಮ್ಮ ಹೆಸರನ್ನೋ ತಂದೆಯ ಹೆಸರನ್ನೋ ಹುಡುಕುತ್ತಾ. ಪುಸ್ತಕವನ್ನು ಜಗತ್ತಿನೆಲ್ಲೆಡೆ ಗುರುತಿಸುವ, 2007ರಿಂದ 13 ಅಂಕಿಗಳಾಗಿರುವ ಐಎಸ್‌ಬಿಎನ್ ಸಂಖ್ಯೆಯನ್ನು ಪಡೆದು, ಪ್ರತಿಗಳನ್ನು ಗ್ರಂಥಾಲಯಗಳಿಗೆ ತಲುಪಿಸುವಂತೆ ಸಂಸ್ಥೆಗೆ ಹೇಳಿ. ಅತಿಥಿಗಳಿಗೆ ಹಂಚಿ ಮುಗಿದ ಪುಸ್ತಕ ಸಂಶೋಧಕರಿಗೆ ಸಿಗುವುದಿಲ್ಲ.

ಬಿಡುಗಡೆ ಮುಗಿದ ವಾರವೇ ಕಾಲಪಟ್ಟಿ, ಕಡತಗಳ ಪಟ್ಟಿ, ದಾಖಲೆಯ ಚಿತ್ರಗಳು, ಒಪ್ಪಿಗೆಪತ್ರಗಳ ಷರತ್ತಿಗೆ ಒಳಪಟ್ಟ ಧ್ವನಿಮುದ್ರಣಗಳು ಎಲ್ಲವನ್ನೂ ಜೋಡಿಸಿ ಸಂಸ್ಥೆಗೆ ಒಪ್ಪಿಸಿ, ರಸೀದಿ ಪಡೆಯಿರಿ. ಮೆಟ್ಟಿಲ ಕೆಳಗಿನ ಆ ಕೋಣೆಗೆ ಒಣ ಗೋಡೆ, ಕಪಾಟು, ಕೀಲಿಯ ಹೊಣೆ ಹೊತ್ತ ಒಬ್ಬ ವ್ಯಕ್ತಿ ಇವಿಷ್ಟನ್ನು ಅದೇ ಭೇಟಿಯಲ್ಲಿ ಕೇಳಿ. ಉತ್ಸವದ ಉತ್ಸಾಹ ಇಳಿದ ಮೇಲೆ ಯಾರೂ ಕೊಡುವುದಿಲ್ಲ. ನಿಮ್ಮ ಬಳಿ ಒಂದು ಪ್ರತಿ ಇಟ್ಟುಕೊಂಡು ಅಂಚಿನಲ್ಲಿ ಗುರುತು ಹಾಕಲು ಶುರುಮಾಡಿ. ಮೊದಲ ತಿಂಗಳಲ್ಲೇ ಪತ್ರಗಳು ಬರುತ್ತವೆ: ಇಂಥ ಪುಟದಲ್ಲಿ ಹೆಸರು ತಪ್ಪಾಗಿದೆ, ಆ ಚಿತ್ರದಲ್ಲಿ ಬಲತುದಿಯಲ್ಲಿ ನಿಂತವರು ನಮ್ಮ ತಾಯಿ, ಆ ಮುಷ್ಕರದ ದಿನಚರಿ ನಮ್ಮ ಮನೆಯಲ್ಲಿದೆ. ಪ್ರತಿಯೊಂದಕ್ಕೂ ಉತ್ತರಿಸಿ, ಆ ದಿನಚರಿಯನ್ನು ನೋಡಲು ಯಾವಾಗ ಬರಬಹುದು ಎಂದು ಕೇಳಿ.